ಒಂದು ಅಡಿಗೆ ಅರ್ಧ ಇಂಚು

ನಾನು ಮೊದಲ ಸಲ ಕಟ್ಟಿದ ಮಿನಿ ಕೂಪರ್ ಕಾರು ಐದು ಇಂಚು ಉದ್ದವಿತ್ತು. ಕೆಂಪು ಮೈ, ಬಿಳಿ ಟಾಪು. ಮೂರು ತಿಂಗಳ ಭಾನುವಾರಗಳನ್ನೆಲ್ಲ ಅದೇ ತಿಂದಿತ್ತು. ಮುಗಿಸಿ ಶೋಕೇಸಿನಲ್ಲಿಟ್ಟ ದಿನ ಅಮ್ಮ ಬಗ್ಗಿ ನೋಡಿ, "ಚೆನ್ನಾಗಿದೆ ಕಣೋ, ಯಾವ ಅಂಗಡೀಲಿ ತಗೊಂಡೆ?" ಅಂದರು.

ಅಮ್ಮನ ಮೇಲೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಳತೆಯೆಲ್ಲ ಸರಿಯಾಗಿಯೇ ಇತ್ತು. ಕಿಟ್ ತಯಾರಿಸಿದ ಜಪಾನಿನವರು ಅಳತೆಯಲ್ಲಿ ಎಡವುವ ಜನವಲ್ಲ. ಬಣ್ಣ ಎಲ್ಲೂ ಇಳಿದಿರಲಿಲ್ಲ, ಅಂಟು ಎಲ್ಲೂ ಹೊರಗೆ ಬಂದಿರಲಿಲ್ಲ. ಅಷ್ಟಾದರೂ ಶೋಕೇಸಿನಲ್ಲಿ ನಿಂತದ್ದು ಕಾರಾಗಿರಲಿಲ್ಲ, ಕಾರಿನ ಆಟಿಕೆಯಾಗಿತ್ತು. ಅದೇ ಕಾರನ್ನು ಎರಡನೇ ಸಲ ಕಟ್ಟಿದಾಗ ಗೊತ್ತಾಯಿತು: ಕಾರನ್ನು 24 ಪಾಲು ಚಿಕ್ಕದು ಮಾಡಬಹುದು, ಆದರೆ ಅದರ ಮೇಲೆ ಬೀಳುವ ಬೆಳಕನ್ನು ಚಿಕ್ಕದು ಮಾಡಲು ಬರುವುದಿಲ್ಲ. ಮಾದರಿ ಕಾರು ಕಟ್ಟುವ ಈ ಹವ್ಯಾಸದಲ್ಲಿ ಕಷ್ಟವಾದದ್ದೆಲ್ಲ ಈ ಒಂದು ಮಾತಿನಿಂದಲೇ ಹುಟ್ಟುತ್ತದೆ.

ಕಿಟ್ ನೋಡಿರದವರಿಗೆ ಒಂದು ಮಾತು. ಪೆಟ್ಟಿಗೆ ತೆರೆದರೆ ಒಳಗೆ ಕಾರು ಇರುವುದಿಲ್ಲ. ಬಳ್ಳಿಗೆ ಕಾಯಿ ಕಚ್ಚಿದ ಹಾಗೆ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಹತ್ತಿಕೊಂಡ ಹತ್ತಾರು, ಕೆಲವೊಮ್ಮೆ ನೂರಾರು ಬಿಡಿಭಾಗಗಳಿರುತ್ತವೆ. ಇವಲ್ಲದೆ ನಾಲ್ಕು ರಬ್ಬರ್ ಟೈರು, ಗಾಜಿನ ಬದಲು ಪಾರದರ್ಶಕ ತುಂಡುಗಳು, ನೀರಲ್ಲಿ ನೆನೆಸಿ ಜಾರಿಸಿ ಅಂಟಿಸುವ ಅಕ್ಷರ, ಚಿತ್ರಗಳ ಡೆಕಾಲ್ ಹಾಳೆ. ಕತ್ತರಿಸುವುದು, ತಿಕ್ಕುವುದು, ಬಣ್ಣ ಹೊಡೆಯುವುದು, ಜೋಡಿಸುವುದು ನಮ್ಮ ಕೆಲಸ.

ಲೆಕ್ಕ ಎಲ್ಲಿಂದ ಬಂತು

1:24 ಅನ್ನುವ ಅಳತೆ ಅಡಿ-ಇಂಚಿನ ಕಾಲದ್ದು. ನಿಜವಾದ ಕಾರಿನ ಒಂದು ಅಡಿಗೆ ಮಾದರಿಯಲ್ಲಿ ಅರ್ಧ ಇಂಚು. ಮಿನಿ ಈ ಲೆಕ್ಕಕ್ಕೆ ಹೇಳಿ ಮಾಡಿಸಿದ ಕಾರು. 1959ರ ಆಗಸ್ಟ್ 26ರಂದು ಬಿಡುಗಡೆಯಾದ ಆ ಪುಟ್ಟ ಕಾರನ್ನು ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್, ನಾಲ್ಕು ಜನ ಮತ್ತು ಅವರ ಸಾಮಾನು ಹಿಡಿಯುವ ಕಾರನ್ನು ಹೆಚ್ಚುಕಡಿಮೆ ಹತ್ತು ಅಡಿಯಲ್ಲಿ ಮುಗಿಸಿದ್ದರು. ಹತ್ತು ಅಡಿಗೆ ಐದು ಇಂಚು.

ಎಲ್ಲ ಅಳತೆಗಳೂ ಇಷ್ಟು ಸರಳವಾಗಿ ಹುಟ್ಟಿದವಲ್ಲ. 1:43 ಬಂದದ್ದು ಆಟದ ರೈಲಿನಿಂದ. ಬ್ರಿಟನ್ನಿನ ಓ ಗೇಜ್ ಎನ್ನುವ ಅಳತೆಯ ಆಟದ ರೈಲುಗಳು ಒಂದು ಅಡಿಗೆ 7 ಮಿಲಿಮೀಟರ್ ಲೆಕ್ಕದಲ್ಲಿದ್ದವು. ಒಂದು ಅಡಿಯನ್ನು, ಅಂದರೆ 304.8 ಮಿ.ಮೀ.ಯನ್ನು 7ರಿಂದ ಭಾಗಿಸಿದರೆ 43.5. ಆ ರೈಲು ನಿಲ್ದಾಣದ ಪಕ್ಕ ನಿಲ್ಲಿಸಲು ಕಾರು ಬೇಕಾಯಿತು, ಅಳತೆ ಹಾಗೇ ಉಳಿದುಕೊಂಡಿತು. ಅಮೆರಿಕದ ಕಿಟ್‌ಗಳು ಬಹಳಷ್ಟು 1:25. ಅಲ್ಲಿ ಹೊಸ ಕಾರು ಬಂದಾಗ ಡೀಲರುಗಳು ಗಿರಾಕಿಗಳಿಗೆ ಕೊಡುತ್ತಿದ್ದ ಪ್ಲಾಸ್ಟಿಕ್ ಪ್ರಚಾರ ಮಾದರಿಗಳಿಂದ ಬೆಳೆದ ಸಂಪ್ರದಾಯ ಅದು. ಕಿಟ್‌ಗಳ ಚರಿತ್ರೆಯಲ್ಲಿ ಹೀಗೆ ಪ್ರಚಾರದಿಂದ ಹುಟ್ಟಿದ್ದು ಬೇಕಾದಷ್ಟಿದೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ ಈ ದಾರಿಗೆ ಬಿದ್ದದ್ದೇ 1949ರಲ್ಲಿ, ಫರ್ಗ್ಯುಸನ್ ಟ್ರ್ಯಾಕ್ಟರ್ ಮಾರುವವರ ಕೈಗೆ ಕೊಡಲು ಒಂದು ಪುಟ್ಟ ಟ್ರ್ಯಾಕ್ಟರ್ ಮಾಡಿಕೊಟ್ಟು.

ನಮ್ಮೂರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಪುಟ್ಟ ಆಟದ ಕಾರುಗಳಾದ ಹಾಟ್ ವೀಲ್ಸ್‌ಗಳನ್ನು 1:64 ಅನ್ನುತ್ತಾರೆ. ಅದನ್ನು ಪೂರ್ತಿ ನಂಬುವಂತಿಲ್ಲ. ಅಲ್ಲಿ ಲಾರಿಗೂ ಒಂದೇ ಡಬ್ಬಿ, ಮಿನಿಗೂ ಒಂದೇ ಡಬ್ಬಿ. ಡಬ್ಬಿಗೆ ತಕ್ಕಂತೆ ಲಾರಿ ಕುಗ್ಗುತ್ತದೆ, ಮಿನಿ ಹಿಗ್ಗುತ್ತದೆ. ಆದರೂ ಹೊಸಬರು ಅದರಿಂದ ಶುರು ಮಾಡಿದರೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ತಳದ ರಿವೆಟ್ ಕೊರೆದು ಬಿಚ್ಚಿ, ಇದ್ದ ಬಣ್ಣ ತೆಗೆದು, ಬೇರೆ ಬಣ್ಣ ಹೊಡೆದು ಕೈ ಪಳಗಿಸಿಕೊಳ್ಳಬಹುದು. ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ.

ಕುಗ್ಗದೆ ಉಳಿಯುವವು

ಒಂದು ಸಣ್ಣ ಗಣಿತ ಮಾಡೋಣ. ಉದ್ದ 24 ಪಾಲು ಕುಗ್ಗಿದರೆ ಮೈಯ ವಿಸ್ತಾರ 24 ಗುಣಿಸು 24, ಅಂದರೆ 576 ಪಾಲು ಕುಗ್ಗುತ್ತದೆ. ಗಾತ್ರ 13,824 ಪಾಲು. ನಿಜವಾದ ಮಿನಿ ಸುಮಾರು 650 ಕಿಲೋ ಎಂದಿಟ್ಟುಕೊಂಡರೆ ಲೆಕ್ಕದ ಪ್ರಕಾರ ಮಾದರಿ 47 ಗ್ರಾಂ ತೂಗಬೇಕು. ಅಂದರೆ ಒಂದು ಕೋಳಿಮೊಟ್ಟೆಯಷ್ಟು.

ಈಗ ಲೆಕ್ಕ ಎಲ್ಲಿ ಕೈಕೊಡುತ್ತದೆ ನೋಡಿ. ಕಾರಿನ ಮೈಯ ತಗಡು ಒಂದು ಮಿಲಿಮೀಟರಿಗಿಂತ ತೆಳು, ಸುಮಾರು 0.8 ಮಿ.ಮೀ. ಇದರ 24ನೇ ಒಂದು ಪಾಲು 0.03 ಮಿ.ಮೀ. ಕೂದಲಿನ ಅರ್ಧ ದಪ್ಪದ ಪ್ಲಾಸ್ಟಿಕ್ಕನ್ನು ಯಾರೂ ಎರಕ ಹೊಯ್ಯಲಾರರು. ಕಿಟ್‌ನ ಮೈ ಒಂದು ಮಿಲಿಮೀಟರಿಗೆ ಕಡಿಮೆಯಿಲ್ಲ. ನಿಜವಾದ ಕಾರಿಗೆ ಹೋಲಿಸಿದರೆ ಇದು ಒಂದಿಂಚು ದಪ್ಪದ ಕಬ್ಬಿಣ, ಯುದ್ಧದ ಟ್ಯಾಂಕಿನ ಮೈ! ಚಕ್ರದ ಮೇಲಿನ ಮಡ್‌ಗಾರ್ಡಿನ ಅಂಚು ನೋಡಿದ ಕೂಡಲೇ ಕಣ್ಣು ಇದನ್ನು ಹಿಡಿಯುತ್ತದೆ. ಹಾಗಾಗಿ ಪೂರ್ತಿ ಮೈಯನ್ನು ತೆಳ್ಳಗೆ ಮಾಡಲು ಯಾರೂ ಹೋಗುವುದಿಲ್ಲ. ಒಳಬದಿಯಿಂದ ಅಂಚನ್ನಷ್ಟೇ ಓರೆಯಾಗಿ ಕೆರೆಯುತ್ತಾರೆ. ಕಣ್ಣಿಗೆ ಕಾಣುವುದು ಅಂಚು ಮಾತ್ರ. ಅದು ತೆಳ್ಳಗಿದ್ದರೆ ಇಡೀ ತಗಡು ತೆಳ್ಳಗಿದೆ ಎಂದು ಕಣ್ಣು ತಾನೇ ತೀರ್ಮಾನ ಮಾಡಿಕೊಳ್ಳುತ್ತದೆ.

ಗಾಜಿನದೂ ಇದೇ ಕಥೆ. ಒಂದು ಮಿ.ಮೀ. ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಅಂಚುಗಳಲ್ಲಿ ಬೆಳಕನ್ನು ತಿರುಚಿ ಭೂತಗನ್ನಡಿಯಂತೆ ಕಾಣುತ್ತದೆ. ಕೆಲವರು ಪಕ್ಕದ ಕಿಟಕಿಗಳನ್ನು ಬಿಸಾಕಿ ಪ್ರೊಜೆಕ್ಟರಿಗೆ ಇಡುತ್ತಿದ್ದ ಹಳೆಯ ಪಾರದರ್ಶಕ ಓಎಚ್‌ಪಿ ಹಾಳೆಯನ್ನು ಕತ್ತರಿಸಿ ಕೂರಿಸುತ್ತಾರೆ. ನೋಡಿ, ಕಾಲೇಜಿನ ಸೆಮಿನಾರುಗಳಿಗೆ ತಂದಿದ್ದ ಹಾಳೆಗಳು ಕೊನೆಗೂ ಉಪಯೋಗಕ್ಕೆ ಬಂದವು.

ಬಾಗಿಲಿನ ಸಂದು ಇನ್ನೂ ಸೂಕ್ಷ್ಮದ ವಿಷಯ. ನಿಜವಾದ ಕಾರಿನಲ್ಲಿ ಬಾಗಿಲಿಗೂ ಮೈಗೂ ನಡುವೆ ನಾಲ್ಕೈದು ಮಿಲಿಮೀಟರ್ ಬಿರುಕಿರುತ್ತದೆ. ಅದರ ಹಿಂದೆ ಆಳ ಇರುವುದರಿಂದ ಒಳಗೆ ಹೋದ ಬೆಳಕು ವಾಪಸು ಬರುವುದಿಲ್ಲ, ಸಂದು ಕಪ್ಪಗೆ ಕಾಣುತ್ತದೆ. ಮಾದರಿಯಲ್ಲಿ ಅದು ಬರೀ ಒಂದು ಗೀರು. ಆಳವಿಲ್ಲ, ನೆರಳಿಲ್ಲ. ಮೂರು ಕೋಟ್ ಬಣ್ಣ ಬಿದ್ದ ಮೇಲೆ ಗೀರೂ ಅರ್ಧ ತುಂಬಿಹೋಗಿರುತ್ತದೆ. ನನ್ನ ಮೊದಲ ಮಿನಿಯ ಬಾಗಿಲು ಬಾಗಿಲಿನಂತೆ ಕಾಣದೆ ಬಾಗಿಲಿನ ಚಿತ್ರದಂತೆ ಕಂಡದ್ದು ಇದಕ್ಕೇ. ಎರಡನೇ ಸಲ ಬಣ್ಣ ಹೊಡೆಯುವ ಮೊದಲೇ ಚಾಕುವಿನ ಬೆನ್ನಿನಿಂದ ಗೀರನ್ನು ಆಳ ಮಾಡಿಕೊಂಡೆ. ಬಣ್ಣ ಒಣಗಿದ ಮೇಲೆ ತೀರಾ ನೀರಾಗಿಸಿದ ಗಾಢ ಬಣ್ಣವನ್ನು ಕುಂಚದ ತುದಿಯಿಂದ ಗೀರಿಗೆ ಮುಟ್ಟಿಸಿದರೆ ಸಾಕು, ತಾನೇ ಹರಿದು ಸಂದು ತುಂಬಿಕೊಳ್ಳುತ್ತದೆ. ಇದನ್ನು ವಾಶ್ ಅನ್ನುತ್ತಾರೆ. ಹೊಸಬರು ಇದಕ್ಕೆ ಕಪ್ಪು ಬಳಸಿ ಕೆಡಿಸುತ್ತಾರೆ. ಬಿಳಿ ಕಾರಿನ ಮೇಲೆ ಕಪ್ಪು ಗೆರೆ ಬಂದರೆ ಅದು ವ್ಯಂಗ್ಯಚಿತ್ರವಾಗುತ್ತದೆ. ಬಿಳಿಗೆ ಬೂದು, ಕೆಂಪಿಗೆ ಗಾಢ ಕಂದು. ನೆರಳು ಎಂದಾದರೂ ಅಪ್ಪಟ ಕಪ್ಪಗಿರುತ್ತದೆಯೇ?

ಅಪ್ಪಟ ಕಪ್ಪು ಎಂದಾಗ ಟೈರಿನ ಮಾತು ಬರುತ್ತದೆ. ಟೈರು ಕಪ್ಪು ಎಂದು ಎಲ್ಲರೂ ಹೇಳುತ್ತೇವೆ. ಬೀದಿಗೆ ಹೋಗಿ ನಿಂತ ಕಾರಿನ ಟೈರು ನೋಡಿ, ಅದು ಧೂಳು ಹಿಡಿದ ಬೂದು. ಕಿಟ್‌ನ ರಬ್ಬರ್ ಟೈರಿಗೆ ಹೊಳಪಿರುತ್ತದೆ, ನಡುವೆ ಅಚ್ಚಿನ ಗೆರೆಯೂ ಇರುತ್ತದೆ. ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದದ ಮೇಲೆ ಒಂದೆರಡು ನಿಮಿಷ ಉರುಳಿಸಿ ಉಜ್ಜಿದರೆ ಎರಡೂ ಹೋಗಿ ಓಡಾಡಿದ ಟೈರಿನ ಮಂಕು ಬರುತ್ತದೆ. ನಾಲ್ಕು ಟೈರಿಗೆ ಹತ್ತು ನಿಮಿಷ. ಇಷ್ಟು ಕಡಿಮೆ ಕೆಲಸಕ್ಕೆ ಇಷ್ಟು ದೊಡ್ಡ ಫಲ ಕೊಡುವ ಇನ್ನೊಂದು ಉಪಾಯ ಈ ಹವ್ಯಾಸದಲ್ಲಿ ನನಗೆ ಗೊತ್ತಿಲ್ಲ.

ಮೆಟಾಲಿಕ್ ಬಣ್ಣದ್ದು ಬೇರೆಯೇ ರಗಳೆ. ಕಾರಿನ ಮೆಟಾಲಿಕ್ ಬಣ್ಣದಲ್ಲಿ ಅಲ್ಯೂಮಿನಿಯಂ ಚೂರುಗಳಿರುತ್ತವೆ, ಮೈಕ್ರಾನ್‌ಗಳ ಲೆಕ್ಕದಲ್ಲಿ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 30 ಮೈಕ್ರಾನಿನ ಒಂದು ಚೂರು ಮಾದರಿಯ ಮೇಲೆ ಕೂತರೆ ಅದು ನಿಜವಾದ ಕಾರಿನ ಮೇಲೆ ಮುಕ್ಕಾಲು ಮಿಲಿಮೀಟರಿನ ಮಿಂಚು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಸಲಿ ಕಾರಿನ ಟಚ್‌ಅಪ್ ಬಣ್ಣ ತಂದು, ಅಸಲಿ ಬಣ್ಣವೇ ಸಿಕ್ಕಿತು ಎಂದು ಬೀಗಿ ಹೊಡೆದ ಗೆಳೆಯನೊಬ್ಬನ ಬೆಳ್ಳಿ ಬಣ್ಣದ ಕಾರು ಗಣೇಶನ ಮಂಟಪಕ್ಕೆ ಮಿಂಚು ಉದುರಿಸಿದ ಹಾಗಾಯಿತು. ಅಸಲಿ ಬಣ್ಣ ಅಸಲಿಯಾಗಿ ಕಾಣದಿರುವುದು ಹೀಗೆ. ಮಾಡೆಲ್‌ಗಳಿಗೆಂದೇ ಮಾಡಿದ ಬಣ್ಣಗಳಲ್ಲಿ ಈ ಚೂರನ್ನು ಇನ್ನೂ ನುಣ್ಣಗೆ ಅರೆದಿರುತ್ತಾರೆ.

ಕೊನೆಗೆ ನಿಲುವು. ಬಹಳ ಜನ ಗಮನಿಸದಿದ್ದರೂ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುವುದು ಇದೇ. 1:24ರಲ್ಲಿ ಒಂದು ಮಿಲಿಮೀಟರ್ ಅಂದರೆ ನಿಜದಲ್ಲಿ ಒಂದಿಂಚು. ಚಕ್ರ ಮೈಯಿಂದ ಒಂದು ಮಿ.ಮೀ. ಒಳಗೆ ಕೂತರೆ, ಕಾರು ನೆಲದಿಂದ ಒಂದು ಮಿ.ಮೀ. ಎತ್ತರ ನಿಂತರೆ, ಅದಕ್ಕೆ ಎಷ್ಟೇ ಒಳ್ಳೆಯ ಬಣ್ಣ ಹೊಡೆದರೂ ಬದುಕಿಲ್ಲ. ನನ್ನ ಮೊದಲ ಮಿನಿ ಮಳೆ ನೀರಲ್ಲಿ ಪಂಚೆ ಎತ್ತಿಕೊಂಡು ನಡೆಯುವವರ ಹಾಗೆ ನಿಂತಿತ್ತು. ಮೇಲೆ ಹೇಳಿದ 47 ಗ್ರಾಂ ಇಲ್ಲಿ ಕಾಡುತ್ತದೆ. ನಿಜವಾದ ಕಾರಿನ ಭಾರಕ್ಕೆ ಟೈರು ನೆಲದ ಬಳಿ ಅಮುಕಿ ಅಂಗೈಯಗಲ ಚಪ್ಪಟೆಯಾಗಿರುತ್ತದೆ. ಮಾದರಿಗೆ ಆ ಭಾರವಿಲ್ಲ, ಟೈರು ನೆಲವನ್ನು ಒಂದು ಗೆರೆಯಲ್ಲಷ್ಟೇ ಮುಟ್ಟಿ ಕಾರು ತೇಲುತ್ತಿರುವಂತೆ ಕಾಣುತ್ತದೆ. ಟೈರಿನ ತಳವನ್ನು ನಾಲ್ಕು ಮಿ.ಮೀ. ಉದ್ದಕ್ಕೆ ಚಪ್ಪಟೆ ಉಜ್ಜಿ. ಕಾರಿಗೆ ಥಟ್ಟನೆ ತೂಕ ಬರುತ್ತದೆ.

ಅಚ್ಚು, ಬಣ್ಣ, ಮಳೆಗಾಲ

ಕಿಟ್‌ನ ಭಾಗಗಳು ಉಕ್ಕಿನ ಅಚ್ಚಿನಿಂದ ಬರುತ್ತವೆ. ಕಾಯಿಸಿದ ಪಾಲಿಸ್ಟೈರೀನನ್ನು ಒತ್ತಡದಲ್ಲಿ ಒಳಗೆ ತಳ್ಳಿ, ತಣಿದ ಮೇಲೆ ಅಚ್ಚು ಬಿಡಿಸುತ್ತಾರೆ. ಕಾರಿನ ಮೈಗೆ ನಾಲ್ಕೂ ಕಡೆ ವಿವರ ಇರುವುದರಿಂದ ಅಚ್ಚು ಎರಡು ಹೋಳಲ್ಲ, ಮೇಲಿನಿಂದ, ಹಿಂದೆ ಮುಂದಿನಿಂದ, ಅಕ್ಕಪಕ್ಕದಿಂದ ಬಂದು ಕೂಡುವ ಹಲವು ತುಂಡು. ಅವು ಕೂಡುವಲ್ಲಿ ಕೂದಲೆಳೆಯ ಗೆರೆ ಏಳುತ್ತದೆ. ಸಾಮಾನ್ಯವಾಗಿ ಮಡ್‌ಗಾರ್ಡುಗಳ ಮೇಲೆ, ಕಾರಿನ ಮೂಲೆಗಳಲ್ಲಿ. ಬರಿಗಣ್ಣಿಗೆ ಕಾಣದೆ ಹೊಳೆಯುವ ಬಣ್ಣ ಬಿದ್ದ ಮೇಲೆ ಹಲ್ಲು ಕಿರಿಯುತ್ತದೆ. ಇದನ್ನು ಮೊದಲೇ ಉಜ್ಜಿ ತೆಗೆಯಬೇಕು. ಆದರೆ ಎಚ್ಚರ, ಮಿನಿಯ ವಿಷಯದಲ್ಲಿ ಎಲ್ಲ ಗೆರೆಯೂ ಅಚ್ಚಿನದಲ್ಲ. ಆ ಕಾರಿನ ತಗಡುಗಳ ಬೆಸುಗೆ ಅಂಚುಗಳು ಹೊರಕ್ಕೇ ಚಾಚಿಕೊಂಡಿದ್ದವು. ಮೊದಲ ತಲೆಮಾರಿನ ಮಿನಿಗೆ ಬಾಗಿಲಿನ ಕೀಲುಗಳೂ ಹೊರಗೇ. ಕಾರು ಗೊತ್ತಿಲ್ಲದ ಉತ್ಸಾಹಿ ಉಜ್ಜುತ್ತಾ ಕೂತರೆ ಇಸಿಗೋನಿಸ್ ಇಟ್ಟದ್ದನ್ನೂ ಉಜ್ಜಿಬಿಟ್ಟಾನು.

ಅಚ್ಚು ಮಾಡುವುದು ಬಲು ದುಬಾರಿ ಕೆಲಸ ಎನ್ನುವುದಕ್ಕೆ ಜಪಾನಿನ ಶಿಜುವೊಕಾ ನಗರದ ಕಿಟ್ ತಯಾರಕರಾದ ತಮಿಯಾ ಕಂಪನಿಯ ಕಥೆಯೊಂದಿದೆ. 1970ರ ದಶಕದಲ್ಲಿ 911 ಕಾರಿನ ರೇಸಿಂಗ್ ರೂಪವಾದ ಪೋರ್ಷೆ 934ರ 1:12 ಅಳತೆಯ ಕಿಟ್ ಮಾಡಲು ಅವರು ನಿಜವಾದ ಪೋರ್ಷೆ 911 ಒಂದನ್ನು ಕೊಂಡು ಬಿಚ್ಚಿ ಹರವಿಕೊಂಡು ಅಳತೆ ತೆಗೆದರು. ಕಿಟ್ ಹೆಸರು ಮಾಡಿತು, ಆದರೆ ಹಾಕಿದ ದುಡ್ಡು ಬರೀ ಕಿಟ್‌ನಿಂದ ಹುಟ್ಟುವಂತಿರಲಿಲ್ಲ. ಅದೇ ಮೈಗೆ ಮೋಟಾರು, ರೇಡಿಯೋ ಕೂರಿಸಿ 1976ರಲ್ಲಿ ರಿಮೋಟ್ ಕಾರು ಮಾಡಿದರು. ತಮಿಯಾದ ರಿಮೋಟ್ ಕಾರುಗಳ ವಂಶ ಶುರುವಾದದ್ದು ಅಲ್ಲಿಂದ.

ಇನ್ನು ಬಣ್ಣ. ಮೂರು ಜಾತಿ: ಲ್ಯಾಕರ್, ಅಕ್ರಿಲಿಕ್, ಎನಾಮಲ್. ವ್ಯತ್ಯಾಸ ಇರುವುದು ಅವುಗಳ ದ್ರಾವಕದಲ್ಲಿ. ಲ್ಯಾಕರ್ ಥಿನ್ನರ್ ಅತಿ ಖಾರ, ಕೆಳಗಿದ್ದುದನ್ನೆಲ್ಲ ಕರಗಿಸುತ್ತದೆ. ಹಾಗಾಗಿ ಖಾರದ್ದು ಕೆಳಗೆ, ಸೌಮ್ಯದ್ದು ಮೇಲೆ. ಲ್ಯಾಕರ್ ಮೈಯ ಮೇಲೆ ಎನಾಮಲ್ ವಾಶ್ ಹಚ್ಚಿ ಹೆಚ್ಚಾದದ್ದನ್ನು ಒರೆಸಬಹುದು, ಮೈ ಅಲುಗುವುದಿಲ್ಲ. ತಿರುಗುಮುರುಗಾದರೆ ಬಣ್ಣ ಬತ್ತಿದ ಕೆರೆಯಂಗಳದ ಹಾಗೆ ಬಿರಿಯುತ್ತದೆ.

ಮೊದಲು ಪ್ರೈಮರ್. ಅದು ಬಣ್ಣಕ್ಕೆ ಹಿಡಿತ ಕೊಡುತ್ತದೆ. ಜತೆಗೆ ನಮ್ಮ ಪಾಪಗಳನ್ನೆಲ್ಲ ಬಯಲು ಮಾಡುತ್ತದೆ. ಉಜ್ಜುವಾಗ ಬಿದ್ದ ಗೀರು, ಪುಟ್ಟಿ ಕುಸಿದ ಗುಳಿ, ಬೆರಳಿನ ಗುರುತು, ಒಂದೂ ಬಿಡದೆ. ಕೆಂಪು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಇನ್ನೊಂದು ಕಿಟ್‌ಗೆ ನಾನು ನೇರವಾಗಿ ಬಿಳಿ ಹೊಡೆದಿದ್ದೆ. ಸಂಜೆಗೆ ಬೆಳ್ಳಗಿದ್ದ ಕಾರು ಒಂದು ವಾರದಲ್ಲಿ ಗುಲಾಬಿಯಾಗಿತ್ತು. ಪ್ಲಾಸ್ಟಿಕ್ಕಿನ ಕೆಂಪು ಬಣ್ಣವನ್ನು ಥಿನ್ನರ್ ಕರಗಿಸಿ ಮೇಲಕ್ಕೆ ಎಳೆದುಕೊಂಡಿತ್ತು. ನಡುವೆ ಒಂದು ಪದರ ಬೆಳ್ಳಿ ಬಣ್ಣ ಹೊಡೆದಿದ್ದರೆ ತಡೆಯುತ್ತಿತ್ತು.

ಪದರಗಳ ಲೆಕ್ಕವೂ ಇಲ್ಲಿ ಬರುತ್ತದೆ. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಎಲ್ಲ ಪದರ ಸೇರಿ ಸುಮಾರು 100 ಮೈಕ್ರಾನ್ ಬಣ್ಣವಿರುತ್ತದೆ. ಕುಗ್ಗಿಸಿದರೆ ನಾಲ್ಕು ಮೈಕ್ರಾನ್. ಅಷ್ಟು ತೆಳ್ಳಗೆ ಹೊಡೆಯುವುದು ಸಾಧ್ಯವೇ ಇಲ್ಲ. ನಮ್ಮದು 50 ಮೈಕ್ರಾನ್ ಎಂದರೂ ನಿಜವಾದ ಕಾರಿನ ಮೇಲೆ ಒಂದು ಮಿಲಿಮೀಟರಿಗೂ ಮೀರಿದ ಲೇಪ. ಕುಂಚದಿಂದ ಬಳಿದರೆ ಕೇಳುವುದೇ ಬೇಡ. ಮೈ ಬಣ್ಣಕ್ಕೆ ಸ್ಪ್ರೇ ಡಬ್ಬಿ ಅಥವಾ ಗಾಳಿಯ ಒತ್ತಡದಲ್ಲಿ ಬಣ್ಣ ಚಿಮ್ಮಿಸುವ ಏರ್‌ಬ್ರಶ್ ಬೇಕೇ ಬೇಕು ಅನ್ನುವುದು ಈ ಕಾರಣಕ್ಕೆ. ತೆಳ್ಳಗೆ ಎರಡು ಮೂರು ಸಲ ಮಂಜಿನಂತೆ ಹೊಡೆದು, ಕೊನೆಯದೊಂದನ್ನು ಮಾತ್ರ ತುಸು ಒದ್ದೆಯಾಗಿ. ಒಣಗಿತೋ ಇಲ್ಲವೋ ತಿಳಿಯಲು ಮುಟ್ಟಬೇಡಿ, ಮೂಸಿ. ವಾಸನೆ ಬರುತ್ತಿದ್ದರೆ ಇನ್ನೂ ಒಣಗಿಲ್ಲ.

ಜುಲೈ ತಿಂಗಳಲ್ಲಿ ಮಾತ್ರ ಲ್ಯಾಕರ್ ಡಬ್ಬಿ ಮುಟ್ಟಬೇಡಿ. ದ್ರಾವಕ ಆರುವಾಗ ಬಣ್ಣದ ಮೈಯಿಂದ ಶಾಖ ಹೀರಿಕೊಳ್ಳುತ್ತದೆ. ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಸಣ್ಣ ಹನಿಗಳಾಗಿ ಕೂತು, ಹೊಳೆಯಬೇಕಾದ ಬಣ್ಣ ಬೂದಿ ಬಳಿದಂತೆ ಮಂಕಾಗುತ್ತದೆ. ಕರಾವಳಿಯ ಹವ್ಯಾಸಿಗಳಂತೂ ಮಳೆಗಾಲವನ್ನು ಎಂಜಿನ್, ಸೀಟು, ಡ್ಯಾಶ್‌ಬೋರ್ಡುಗಳಿಗೆ ಎತ್ತಿಟ್ಟುಕೊಳ್ಳುವುದು ಜಾಣತನ. ಇನ್ನು ಕನ್ನಡಿಯಂಥ ಹೊಳಪಿಗಾಗಿ ಎರಡು ಡಬ್ಬಿ ಬೆರೆಸಿ ಹೊಡೆಯುವ ಟೂಕೆ ಕ್ಲಿಯರ್ ಎಂಬ ಪಾರದರ್ಶಕ ಲೇಪ ಬಳಸುವವರಿದ್ದಾರೆ. ಅದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆಯ ಮಾಸ್ಕು ಅದಕ್ಕೆ ಏನೇನೂ ಸಾಲದು. ಫಿಲ್ಟರ್ ಇರುವ ರೆಸ್ಪಿರೇಟರ್ ಇಲ್ಲದವರು ಆ ದಾರಿಗೆ ಹೋಗಬಾರದು.

ಹೊಳಪಿನ ಪಟ್ಟಿಗಳಿಗೆ, ಅಂದರೆ ಕಿಟಕಿಯ ಸುತ್ತಲಿನ ಕ್ರೋಮಿಗೆ, ಬೆಳ್ಳಿ ಬಣ್ಣ ಎಂದೂ ಸಾಟಿಯಲ್ಲ. ಬಲು ತೆಳುವಾದ ಅಂಟುಬೆನ್ನಿನ ಅಲ್ಯೂಮಿನಿಯಂ ಹಾಳೆ ಬರುತ್ತದೆ. ನಮ್ಮ ಹಳೆಯ ಬೇಗಡೆ ಕಾಗದದ ನಯವಾದ ತಮ್ಮ ಅನ್ನಿ. ಅಂಟಿಸಿ, ಹಲ್ಲುಕಡ್ಡಿಯಿಂದ ಒತ್ತಿ ಉಜ್ಜಿ, ಹೊಸ ಬ್ಲೇಡಿನಿಂದ ಅಂಚು ಕೊಯ್ದು ಉಳಿದದ್ದನ್ನು ಸುಲಿದರೆ ಲೋಹ ಲೋಹವಾಗಿಯೇ ಹೊಳೆಯುತ್ತದೆ. ಬ್ಲೇಡು ಮೊಂಡಾಗಿದ್ದರೆ ಹಾಳೆಯ ಜತೆ ಬಣ್ಣವೂ ಬರುತ್ತದೆ, ಆಗ ಆ ದಿನದ ಮಟ್ಟಿಗೆ ಎದ್ದು ಹೋಗಿ ಕಾಫಿ ಕುಡಿಯುವುದು ಲೇಸು.

ಇನ್ನೊಂದು ಎಚ್ಚರ. ಕಿಟಕಿಯ ಗಾಜಿಗೆ ಫೆವಿಕ್ವಿಕ್ ಬೇಡ. ಅದರ ಆವಿ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ನನ್ನ ಮೊದಲ ಮಿನಿ ಕೊಡಗಿನ ಡಿಸೆಂಬರ್ ಬೆಳಗಿನಲ್ಲಿ ನಿಂತಂತೆ ಕಾಣುವುದು ಇದೇ ಕಾರಣಕ್ಕೆ. ಒಣಗಿದರೆ ಗಾಜಿನಂತಾಗುವ ಬಿಳಿ ಅಂಟು ಸಾಕು.

ಬಾನೆಟ್ ಎತ್ತಿದರೆ

ಕೆಲವು ಕಿಟ್‌ಗಳಲ್ಲಿ ಎಂಜಿನ್ನೇ ಇರುವುದಿಲ್ಲ, ಬಾನೆಟ್ ಮೈಗೆ ಅಂಟಿಕೊಂಡೇ ಬರುತ್ತದೆ. ರಸ್ತೆಬದಿಯಲ್ಲಿ ನಿಂತು ನೋಡಿದಷ್ಟು ಮಾತ್ರ ಎಂಬ ಅರ್ಥದಲ್ಲಿ ಇವನ್ನು ಕರ್ಬ್‌ಸೈಡ್ ಅನ್ನುತ್ತಾರೆ. ಎಂಜಿನ್ ಇರುವ ಕಿಟ್‌ಗಳಲ್ಲೂ ಇರುವುದು ದೊಡ್ಡ ದೊಡ್ಡ ಗಡ್ಡೆಗಳಷ್ಟೇ. ವೈರಿಲ್ಲ, ಪೈಪಿಲ್ಲ. ಡೀಟೇಲಿಂಗ್ ಎಂಬ ಹುಚ್ಚು ಹಿಡಿಯುವುದು ಇಲ್ಲಿ.

ಮಿನಿಯ ಎ-ಸೀರೀಸ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ನಾಲ್ಕು ಪ್ಲಗ್ ವೈರು, ಕಾಯಿಲ್‌ನಿಂದ ಒಂದು, ಒಟ್ಟು ಐದು. ನಿಜವಾದ ವೈರು 7 ಮಿ.ಮೀ. ದಪ್ಪ, ಆದ್ದರಿಂದ ನಮಗೆ ಬೇಕಾದ್ದು 0.3 ಮಿ.ಮೀ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸಣ್ಣ ವೈರು ಪ್ಲಾಸ್ಟಿಕ್ ಹೊದಿಕೆ ಸೇರಿ ಅರ್ಧ ಮಿ.ಮೀ. ಇರುತ್ತದೆ. ಹಾಕಿದರೆ ಎಂಜಿನ್ ಮೇಲೆ ಹಾವು ಮಲಗಿಸಿದಂತೆ ಕಾಣುತ್ತದೆ. ಕೆಟ್ಟ ಇಯರ್‌ಫೋನು ಕೊಯ್ದರೆ ಒಳಗೆ ಸಿಗುವ ಎಳೆ ಸರಿಹೊಂದುತ್ತದೆ. ಅದನ್ನು ಕೂರಿಸಲು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಎನ್ನುವ ಸಾಸಿವೆ ಕಾಳಿನ ತಲೆಗೆ 0.3 ಮಿ.ಮೀ.ನ ಐದು ತೂತು ಕೊರೆಯಬೇಕು. ಸರ್ಕ್ಯೂಟ್ ಬೋರ್ಡ್ ಕೊರೆಯುವ ಬಿಟ್‌ಗಳು ಈ ಅಳತೆಯಲ್ಲಿ ಸಿಗುತ್ತವೆ. ಕೈಯಲ್ಲೇ ಹಿಡಿದು, ಉಸಿರು ಬಿಗಿಹಿಡಿದು, ನಿಧಾನವಾಗಿ ತಿರುಗಿಸಬೇಕು.

ವೈರುಗಳನ್ನು ಮನಸ್ಸಿಗೆ ಬಂದಂತೆ ಸಿಕ್ಕಿಸಿದರೆ ನಡೆಯುವುದಿಲ್ಲವೇ? ನಡೆಯುತ್ತದೆ, ಆದರೆ ಗೊತ್ತಿರುವವರ ಕಣ್ಣಿಗೆ ಬೀಳುತ್ತದೆ. ಎ-ಸೀರೀಸ್‌ನ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ 1-3-4-2. ನಮ್ಮ ಅಂಬಾಸಿಡರ್‌ನ 1,489 ಸಿಸಿ ಬಿ-ಸೀರೀಸ್ ಎಂಜಿನ್ನಿನದೂ ಇದೇ ಸರದಿ. ಎರಡೂ ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ಮನೆಯ ಮಕ್ಕಳು. ನನ್ನ ಎರಡನೇ ಮಿನಿಯ ಎಂಜಿನ್ನನ್ನು ಬೀದಿಯ ಹಳೆಯ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿದಾಗ ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, "ಮೂರು ನಾಕು ಅದಲುಬದಲಾಗಿದೆ ಸಾರ್, ಸ್ಟಾರ್ಟ್ ಆಗಲ್ಲ" ಅಂದರು. ಅವತ್ತು ಆದಷ್ಟು ಸಂತೋಷ ನನಗೆ ಯಾವ ಹೊಗಳಿಕೆಯಿಂದಲೂ ಆಗಿಲ್ಲ.

ಒಳಗಿನ ಕೆಲಸವೂ ಇದೇ ಜಾಡಿನದು. ಸೀಟ್ ಬೆಲ್ಟಿನ ಪಟ್ಟಿ ಎರಡು ಮಿ.ಮೀ. ಅಗಲ, ಮಾಸ್ಕಿಂಗ್ ಟೇಪ್ ಸೀಳಿ ಬಣ್ಣ ಹಚ್ಚಿದರೂ ಆದೀತು. ಬಕಲಿಗೆ ಫೋಟೋ ಎಚ್ಚಿಂಗ್ ಮಾಡಿದ ಹಿತ್ತಾಳೆ ಭಾಗಗಳು ಸಿಗುತ್ತವೆ. ಕಾಗದದಷ್ಟು ತೆಳುವಾದ ಹಾಳೆಯ ಮೇಲೆ ಚಿತ್ರ ಮೂಡಿಸಿ, ಬೇಡದ ಲೋಹವನ್ನು ಆಮ್ಲದಿಂದ ತಿನ್ನಿಸಿ ತೆಗೆದವು. ಚಿಮಟದಿಂದ ಹಿಡಿಯುವಾಗ ಚಿಮ್ಮಿದರೆ ಮತ್ತೆ ಸಿಗುವುದಿಲ್ಲ. ಮಿನಿಯ ಡ್ಯಾಶ್‌ಬೋರ್ಡಿನ ನಡುಮಧ್ಯದ ದೊಡ್ಡ ಸ್ಪೀಡೋಮೀಟರಿಗೆ ಡೆಕಾಲ್ ಅಂಟಿಸಿ ಮೇಲೆ ಒಂದು ಹನಿ ವಾರ್ನಿಶ್ ಬಿಟ್ಟರೆ ಗಾಜು ತಾನೇ ಆಗುತ್ತದೆ.

ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೆ ನನ್ನದೊಂದು ಅಳತೆಗೋಲಿದೆ. ಮಾದರಿಯನ್ನು ನಾವು ಸುಮಾರು 30 ಸೆಂಟಿಮೀಟರ್ ದೂರದಿಂದ ನೋಡುತ್ತೇವೆ. 24ರಿಂದ ಗುಣಿಸಿದರೆ 7.2 ಮೀಟರ್. ಅಂದರೆ ರಸ್ತೆಯ ಆಚೆ ಬದಿಯಲ್ಲಿ ನಿಂತ ಕಾರು. ಅಷ್ಟು ದೂರದಿಂದ ಬಾಗಿಲ ಹಿಡಿಯ ನೆರಳು ಕಾಣುತ್ತದೆ, ಅದರ ಸ್ಕ್ರೂ ಕಾಣುವುದಿಲ್ಲ. ಹಾಗಿದ್ದ ಮೇಲೆ ಸ್ಕ್ರೂ ಯಾಕೆ? ಮೊಬೈಲ್ ಕ್ಯಾಮೆರಾ ಬಂದ ಮೇಲೆ ಈ ವಾದ ಸೋಲುತ್ತಿದೆ, ಗೊತ್ತು. ಎರಡು ಇಂಚು ಹತ್ತಿರ ಹೋಗಿ ತೆಗೆದ ಫೋಟೋದಲ್ಲಿ ಎಲ್ಲ ಕಾಣುತ್ತದೆ, ಧೂಳು ಸಮೇತ. ಆದರೂ ನಾನು ಕಣ್ಣಿಗಾಗಿ ಕಟ್ಟುವ ಪಕ್ಷದವನು.

ಸ್ಕ್ರೂಗಿಂತ ಮುಖ್ಯವಾದದ್ದು, ನೀವು ಕಟ್ಟುತ್ತಿರುವುದು ಯಾವ ಕಾರು ಎಂದು ತಿಳಿದಿರುವುದು. ಮಾಂಟೆ ಕಾರ್ಲೊ ರ‍್ಯಾಲಿಯನ್ನು ಮಿನಿ 1964, 1965 ಮತ್ತು 1967ರಲ್ಲಿ ಗೆದ್ದಿತು. ಮೂರೂ ಕೆಂಪು ಮೈ ಬಿಳಿ ಟಾಪಿನವೇ. ಆದರೆ 1964ರ ಚಾಲಕ ಪ್ಯಾಡಿ ಹಾಪ್‌ಕರ್ಕ್ ಕಾರಿನ ನೋಂದಣಿ 33 ಇಜೆಬಿ, ಸ್ಪರ್ಧೆಯ ಸಂಖ್ಯೆ 37. 1967ರ ರೌನೊ ಆಲ್ಟೊನೆನ್ ಕಾರು ಎಲ್‌ಬಿಎಲ್ 6ಡಿ. ಒಂದರ ಡೆಕಾಲನ್ನು ಇನ್ನೊಂದರ ದೀಪಗಳ ಜತೆ ಸೇರಿಸಿದರೆ ಎಂದೂ ಇರದಿದ್ದ ಕಾರು ಹುಟ್ಟುತ್ತದೆ. ದೀಪ ಹುಡುಗಾಟದ ವಿಷಯವೇನಲ್ಲ. 1966ರಲ್ಲಿ ಮೊದಲ ಮೂರು ಸ್ಥಾನಕ್ಕೂ ಮಿನಿಗಳೇ ಬಂದಿದ್ದವು. ಹೆಡ್‌ಲೈಟ್ ಡಿಮ್ ಆಗುವ ಏರ್ಪಾಡು ನಿಯಮಕ್ಕೆ ಹೊಂದಲಿಲ್ಲವೆಂದು ಮೂರನ್ನೂ ಅನರ್ಹಗೊಳಿಸಿ, ಗೆಲುವನ್ನು ಸಿಟ್ರೊಯನ್ ಕಾರಿಗೆ ಕೊಟ್ಟರು. ಮಾದರಿಯಲ್ಲಿ ಆ ಹೆಡ್‌ಲೈಟು ಏಳೂವರೆ ಮಿ.ಮೀ.ಗೂ ಕಡಿಮೆ. ಕಿಟ್‌ನವರು ಅದರ ಹಿಂದೆ ಬಿಟ್ಟಿರುವ ಗೂಟವನ್ನು ಕೊರೆದು ತೆಗೆಯಿರಿ. ಇಲ್ಲದಿದ್ದರೆ ದೀಪದ ನಡುವೆ ಕಣ್ಣಿನ ಪೊರೆಯ ಹಾಗೆ ಕಾಣುತ್ತಿರುತ್ತದೆ.

ಈಗ ನನ್ನ ಮೇಜಿನ ಮೇಲೆ ಕಿಟ್ ಇಲ್ಲ. ಅಂಬಾಸಿಡರ್ ಕಟ್ಟಬೇಕೆಂದು ಹೊರಟಿದ್ದೇನೆ. ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಹುಟ್ಟಿ, 2014ರವರೆಗೆ ತಯಾರಾದ ಆ ಕಾರಿನ ಕಿಟ್ ನನ್ನ ಕೈಗೆ ಸಿಕ್ಕಿಲ್ಲ. ಸಿಗುವುದು ಹಿಂದಕ್ಕೆಳೆದು ಬಿಟ್ಟರೆ ಓಡುವ ಆಟಿಕೆ. ಉಕ್ಕಿನ ಅಚ್ಚಿನ ಖರ್ಚು ಹುಟ್ಟಬೇಕಾದರೆ ಲೋಕದ ತುಂಬ ಗಿರಾಕಿಗಳು ಬೇಕು. ಅಂಬಾಸಿಡರ್ ಮೇಲೆ ಪ್ರೀತಿ ಇರುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಅದನ್ನು ಅಂಟಿಸುತ್ತಾ ಕೂರುವವರು ಅಷ್ಟಿಲ್ಲ. ಹಾಗಾಗಿ ಕಂಪ್ಯೂಟರಿನಲ್ಲಿ ಬಿಡಿಸಿ, ರೆಸಿನ್ ತ್ರೀಡಿ ಪ್ರಿಂಟರಿನಲ್ಲಿ 0.05 ಮಿ.ಮೀ. ಪದರ ಪದರವಾಗಿ ಎಬ್ಬಿಸಿ, ಆ ಪದರದ ಮೆಟ್ಟಿಲುಗಳನ್ನು ಉಜ್ಜಿ ತೆಗೆಯುವ ದಾರಿ ಒಂದೇ. ಬಿಡಿಸಲು ಅಳತೆ ಬೇಕು.

ತಿಪಟೂರಿನ ಹತ್ತಿರ ಚಿಕ್ಕಪ್ಪನ ತೋಟದ ಮನೆಯ ಕೊಟ್ಟಿಗೆಯಲ್ಲಿ ಒಂದು ಬಿಳಿ ಅಂಬಾಸಿಡರ್ ನಿಂತಿದೆ. ಕಳೆದ ತಿಂಗಳು ಹೋಗಿ, ತೆಂಗಿನಕಾಯಿ ಚೀಲ ಸರಿಸಿ, ಟೇಪು ಹಿಡಿದು ಅದರ ಸುತ್ತ ಒಂದು ದಿನ ತೆವಳಿದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 97 ಇಂಚು, ನಮ್ಮ ಲೆಕ್ಕಕ್ಕೆ ನಾಲ್ಕು ಇಂಚಿನ ಮೇಲೆ ಒಂದು ಮಿಲಿಮೀಟರ್. ಟಾಪಿನ ಗುಂಡು, ಬಾನೆಟ್ಟಿನ ಉಬ್ಬು ಟೇಪಿಗೆ ದಕ್ಕುವುದಿಲ್ಲ. ಬೆಸುಗೆಯ ಸೀಸದ ತಂತಿಯನ್ನು ಮೈಗೆ ಒತ್ತಿ ಬಗ್ಗಿಸಿ, ಮೆಲ್ಲಗೆ ಎತ್ತಿ ಹಳೆಯ ಕ್ಯಾಲೆಂಡರಿನ ಹಿಂಬದಿಯ ಮೇಲಿಟ್ಟು ಪೆನ್ಸಿಲ್ ಆಡಿಸಿದೆ. ಡಿಕ್ಕಿಯ ಇಳಿಜಾರಿಗೆ ಮೂರು ಸಲ ಬೇಕಾಯಿತು.

"ಮಾರೋದಿಲ್ಲ ಕಣಪ್ಪ ಅದನ್ನ, ಸುಮ್ನೆ ಯಾಕೆ ಅಳೀತೀಯಾ" ಅಂದರು ಚಿಕ್ಕಪ್ಪ ಬಾಗಿಲಲ್ಲೇ ನಿಂತು. ಹಿಂದಿನ ಎಡ ಟೈರಿನಲ್ಲಿ ಗಾಳಿಯಿರಲಿಲ್ಲ, ಕಾರು ಆ ಕಡೆಗೆ ಎರಡು ಇಂಚು ವಾಲಿತ್ತು. ಅದನ್ನೂ ಬರೆದುಕೊಂಡೆ.